ಓದಿನ ಹರವು: ಶಿಕಾರಿಪುರ–ಸೊರಬ ಸೀಮೆಯ ಕಲ್ಲು, ಕಾವ್ಯ, ಕಪಾಟು

ಓದಿನ ವೈವಿಧ್ಯವನ್ನು ಪುಸ್ತಕಗಳ ಎಣಿಕೆಯಿಂದ ಅಳೆಯಲಾಗದು. ವರ್ಷಕ್ಕೆ ಐವತ್ತು ಕಾದಂಬರಿ ಮುಗಿಸುವವರ ಓದು ಒಂದೇ ಓಣಿಯಲ್ಲಿ ಸುತ್ತುತ್ತಿರಬಹುದು. ಹತ್ತೇ ಪುಸ್ತಕ ಓದುವವರು ನಾಲ್ಕು ಶತಮಾನ, ಐದಾರು ಭಾಷೆಗಳಲ್ಲಿ ಓಡಾಡಿ ಬಂದಿರಬಹುದು. ಓದು ಎಷ್ಟು ಹರಡಿಕೊಂಡಿದೆ ಎಂದು ತಿಳಿಯಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳೇ ಬೇರೆ. ಬರೆದವರು ಗಂಡೋ ಹೆಣ್ಣೋ, ಯಾವ ಸೀಮೆಯವರು, ಯಾವ ಸಮುದಾಯದಿಂದ ಬಂದವರು? ಕೃತಿ ಮೊದಲು ಹುಟ್ಟಿದ್ದು ಯಾವ ಭಾಷೆಯಲ್ಲಿ, ಯಾವ ಕಾಲದಲ್ಲಿ? ಅದು ಕಥೆಯೋ ಕವಿತೆಯೋ, ವಿಜ್ಞಾನವೋ ಪ್ರವಾಸವೋ? ಓದುಗರು ಮೊದಲೇ ನಂಬಿಕೊಂಡದ್ದನ್ನು ಅದು ಮತ್ತೆ ಹೇಳುತ್ತದೆಯೋ, ಅದಕ್ಕೆ ಎದುರಾಡುತ್ತದೆಯೋ? ಕೊನೆಯ ಪ್ರಶ್ನೆ ಕೇಳಿಕೊಳ್ಳುವವರು ಕಡಿಮೆ. ಆದರೆ ಎಲ್ಲಕ್ಕಿಂತ ಹೆಚ್ಚು ತೂಕವಿರುವುದು ಅದಕ್ಕೇ.

ಈ ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಲು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಷ್ಟು ಒದಗಿಬರುವ ನೆಲ ಕರ್ನಾಟಕದಲ್ಲಿ ಹೆಚ್ಚಿಲ್ಲ. ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇಗುಲಕ್ಕೆ ಸೇರಿದ ಕೋಡಿಯ ಮಠವೆಂಬ ವಿದ್ಯಾಕೇಂದ್ರವಿತ್ತು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಅಲ್ಲಿ ಏನೇನು ಓದುತ್ತಿದ್ದರು ಎಂಬುದನ್ನು ಸಾಲಾಗಿ ಹೇಳುತ್ತದೆ. ಅಂಗಸಹಿತ ನಾಲ್ಕು ವೇದಗಳು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳು. ಲಾಕುಳ ಸಿದ್ಧಾಂತ, ಪಾತಂಜಲ ಯೋಗ. ಹದಿನೆಂಟು ಪುರಾಣ, ಧರ್ಮಶಾಸ್ತ್ರ. ಕಡೆಗೆ ಕಾವ್ಯ, ನಾಟಕ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ, 1902ರಲ್ಲಿ ಇದು ಅಚ್ಚಾಯಿತು.

ಪಟ್ಟಿಯನ್ನು ನಿಧಾನವಾಗಿ ನೋಡಿದರೆ ಅದರ ದಿಟ್ಟತನ ತಿಳಿಯುತ್ತದೆ. ಮಠ ಕಾಳಾಮುಖ ಶೈವರದು. ಆದರೂ ವೇದವನ್ನು ಪ್ರಮಾಣವೆಂದು ಒಪ್ಪದ ಬೌದ್ಧ ದರ್ಶನ ಅಲ್ಲಿನ ಪಾಠದಲ್ಲಿದೆ. ಶಾಕಟಾಯನ ವ್ಯಾಕರಣವಂತೂ ಜೈನ ಪರಂಪರೆಯದು. ಇದಕ್ಕೆ ಊರಿನ ವಾತಾವರಣವೂ ಕಾರಣವಾಗಿತ್ತು. 1065ರಲ್ಲಿ ಚಾಲುಕ್ಯರ ಅಧಿಕಾರಿ ರೂಪಭಟ್ಟಯ್ಯ ಬಳ್ಳಿಗಾವೆಯಲ್ಲಿ ಬೌದ್ಧ ವಿಹಾರ ಕಟ್ಟಿಸಿದ್ದ. ಅದರ ಹಿಂದುಮುಂದಿನ ವರ್ಷಗಳಲ್ಲೇ ಜೈನ ಕವಿ ಶಾಂತಿನಾಥ ‘ಸುಕುಮಾರಚರಿತೆ’ ರಚಿಸಿದ. ಊರಿನ ಜಿನಾಲಯ ಕಲ್ಲಿನದಾಗಲು ಒತ್ತಾಸೆಯಾಗಿ ನಿಂತವನೂ ಅವನೇ. ಒಂದೇ ಪೇಟೆಯಲ್ಲಿ ಹಲವು ಮತದವರು ಎದುರುಬದುರಾಗುವ ಕಡೆ ಎದುರಿನವರ ಗ್ರಂಥ ಓದದೆ ವಾದಕ್ಕೆ ಕೂರುವಂತಿರಲಿಲ್ಲ.

ಅದಕ್ಕೊಂದು ಕಟ್ಟುಪಾಡೂ ಇತ್ತು. ಶಾಸ್ತ್ರಗ್ರಂಥಗಳಲ್ಲಿ ಸ್ವಂತ ಸಿದ್ಧಾಂತಕ್ಕೆ ಬರುವ ಮುನ್ನ ಎದುರಾಳಿಯ ಮಾತನ್ನು ಪೂರ್ವಪಕ್ಷವಾಗಿ ನಿಲ್ಲಿಸಬೇಕು. ಎದುರಾಳಿಯೇ ಓದಿದರೂ ‘ಹೌದು, ನಾನು ಹೇಳುವುದು ಇದನ್ನೇ’ ಎನ್ನುವಷ್ಟು ನಿಷ್ಠೆಯಿಂದ ನಿಲ್ಲಿಸಿದಾಗ ಮಾತ್ರ ಆಮೇಲಿನ ಖಂಡನೆಗೆ ಬೆಲೆ. ಕೋಡಿಯ ಮಠದವರು ಬೌದ್ಧವನ್ನು ಓದಿದ್ದು ಅದನ್ನು ಗೆಲ್ಲುವುದಕ್ಕೇ ಇದ್ದೀತು. ಇದ್ದರೂ ಓದು ಓದೇ. ಒಪ್ಪದ ಪುಸ್ತಕವನ್ನು ಬೆನ್ನುಡಿ ನೋಡಿ ತಳ್ಳಿಹಾಕುವುದಕ್ಕೂ, ಪೂರ್ತಿ ಓದಿ, ಅದರ ವಾದವನ್ನು ಅದರದೇ ಮಾತಿನಲ್ಲಿ ಹೇಳಬಲ್ಲವರಾಗಿ, ಆಮೇಲೆ ಬಿಡುವುದಕ್ಕೂ ಅಜಗಜಾಂತರವಿದೆ.

ಆದರೆ ಈ ಹರವು ವಿಷಯಗಳದ್ದು, ದನಿಗಳದ್ದಲ್ಲ. ಅದೇ ಶಾಸನ ದೀನರು, ಅನಾಥರು, ಕುರುಡರು, ಕಿವುಡರಿಗೆ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು, ಕ್ಷಪಣಕ–ಏಕದಂಡಿ–ತ್ರಿದಂಡಿ ಸನ್ಯಾಸಿಗಳಿಗೂ ಊಟವಿತ್ತು ಎನ್ನುತ್ತದೆ. ಅದು ದೊಡ್ಡ ಮಾತೇ. ಓದಿನ ಸಾಲಿನಲ್ಲಿ ಮಾತ್ರ ಹೆಂಗಸರಿಲ್ಲ, ಮೈಮುರಿದು ದುಡಿಯುವವರಿಲ್ಲ. ಎಲ್ಲ ವಿಷಯ ಓದಿಯೂ ಒಂದೇ ಬಗೆಯ ಜನರ ಮಾತನ್ನಷ್ಟೇ ಕೇಳುತ್ತಿರಲು ಸಾಧ್ಯ ಎಂಬುದಕ್ಕೆ ಈ ಪಟ್ಟಿಯೇ ಸಾಕ್ಷಿ.

ಆ ಕೊರತೆಯನ್ನು ತುಂಬಿದವರೂ ಇದೇ ನೆಲದವರು, ಅದೇ ಶತಮಾನದವರು. ಅಲ್ಲಮಪ್ರಭು ಬಳ್ಳಿಗಾವೆಯವನು. ಅಕ್ಕಮಹಾದೇವಿಯ ಉಡುತಡಿ ಶಿಕಾರಿಪುರ ತಾಲ್ಲೂಕಿನಲ್ಲಿದೆ. ವಚನಕಾರ್ತಿ ಸತ್ಯಕ್ಕನ ಹಿರೇಜಂಬೂರೂ ಅದೇ ತಾಲ್ಲೂಕಿನದು. ಇವರ ಜೊತೆಗೆ ಅಕ್ಕಿ ಆಯುವ ಲಕ್ಕಮ್ಮ, ದೋಣಿ ನಡೆಸುವ ಚೌಡಯ್ಯ, ನೂಲು ತೆಗೆಯುವ ರೆಮ್ಮವ್ವೆ, ಸೂಳೆ ಸಂಕವ್ವೆ ಇವರನ್ನೂ ಸೇರಿಸಿ ಓದಿದರೆ ಭಕ್ತಿ, ದುಡಿಮೆ, ಮೈ, ಹಸಿವು ಇವುಗಳ ಬಗ್ಗೆ ಮಠದ ಗ್ರಂಥಗಳಲ್ಲಿ ಸಿಗದ ಮಾತುಗಳು ಸಿಗುತ್ತವೆ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಹೊರತಂದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ದಲ್ಲಿ ಶಿವಶರಣೆಯರ ವಚನಗಳಿಗೇ ಒಂದು ಸಂಪುಟವಿದೆ. ಬಸವಣ್ಣ, ಅಲ್ಲಮ, ಅಕ್ಕನಿಗೇ ವಚನಗಳ ಓದು ನಿಂತುಹೋಗಿರುವವರು ಅಲ್ಲಿಂದ ಹೊಸದಾಗಿ ಶುರುಮಾಡಬಹುದು.

ಒಬ್ಬರ ಬಗ್ಗೆ ಒಂದೇ ಪುಸ್ತಕ ಸಾಲದು ಎಂಬುದನ್ನೂ ಈ ಸೀಮೆಯ ಇಬ್ಬರು ಶರಣರು ಕಾಣಿಸಿಕೊಡುತ್ತಾರೆ. 1200ರ ಸುಮಾರಿನ ಹರಿಹರನ ರಗಳೆಯಲ್ಲಿ ಅಲ್ಲಮ ಮದ್ದಳೆ ನುಡಿಸುವ ತರುಣ. ಕಾಮಲತೆಯನ್ನು ಮನಸಾರೆ ಪ್ರೀತಿಸುತ್ತಾನೆ, ಅವಳು ಸತ್ತಾಗ ದಿಕ್ಕು ತೋಚದೆ ಅಲೆಯುತ್ತಾನೆ. ಅವನಿಗೆ ಗುರು ಸಿಗುವುದು ಆ ದುಃಖದ ತುದಿಯಲ್ಲಿ. ಎರಡು ಶತಮಾನ ಕಳೆದು ಬಂದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮ ಮೊದಲಿನಿಂದಲೂ ಮಾಯೆಗೆ ಸಿಗದವನು; ಸೋಲುವವಳು ಮಾಯೆಯೇ. ಅಕ್ಕನ ಕಥೆಯೂ ಹೀಗೇ ಬೇರೆಯಾಗುತ್ತದೆ. ಹರಿಹರನಲ್ಲಿ ಅವಳು ರಾಜ ಕೌಶಿಕನನ್ನು ಷರತ್ತಿನ ಮೇಲೆ ಮದುವೆಯಾಗಿ, ಅವನು ಅದನ್ನು ಮುರಿದಾಗ ಹೊರಟುಹೋಗುತ್ತಾಳೆ. ಚಾಮರಸನಲ್ಲಿ ಮದುವೆಯೇ ಆಗುವುದಿಲ್ಲ. ಹರಿಹರನನ್ನು ಮಾತ್ರ ಓದಿದವರಿಗೆ ಮನುಷ್ಯರ ನೋವು ಸಿಗುತ್ತದೆ, ಚಾಮರಸನನ್ನು ಮಾತ್ರ ಓದಿದವರಿಗೆ ಸಿದ್ಧಾಂತ ಸಿಗುತ್ತದೆ. ಎರಡನ್ನೂ ಓದಿದವರಿಗೆ ಈ ಎರಡು ಕಾಲಗಳ ನಡುವೆ ಶರಣರನ್ನು ಜನ ಕಾಣುವ ರೀತಿ ಹೇಗೆ ಬದಲಾಯಿತು ಎಂಬ ಮೂರನೆಯ ಸಂಗತಿಯೂ ದಕ್ಕುತ್ತದೆ. ಆಮೇಲೆ ಇಬ್ಬರ ವಚನಗಳಿಗೆ ಹಿಂತಿರುಗಿದರೆ ಅಲ್ಲಿ ಕಾಣುವವರು ಈ ಎರಡು ಚಿತ್ರಗಳಿಗೂ ಪೂರ್ತಿ ಹೊಂದುವುದಿಲ್ಲ.

ಓದು ಇಕ್ಕಟ್ಟಾಗುವುದು ಹೀಗೆ

ಓದು ಯಾರ ಹಟದಿಂದಲೂ ಕಿರಿದಾಗುವುದಿಲ್ಲ. ಎಟುಕಿದ್ದನ್ನೇ ಎತ್ತಿಕೊಳ್ಳುತ್ತ ಹೋದಂತೆ ಕಿರಿದಾಗುತ್ತದೆ. ಪಠ್ಯಪುಸ್ತಕದಲ್ಲಿ ಪರಿಚಯವಾದ ಹೆಸರುಗಳನ್ನೇ ದೊಡ್ಡವರಾದ ಮೇಲೂ ಹುಡುಕುತ್ತೇವೆ. ಒಂದು ಕಾದಂಬರಿ ಹಿಡಿಸಿದರೆ ಅದೇ ಲೇಖಕರ ಉಳಿದ ಹತ್ತನ್ನು ಓದುತ್ತೇವೆ. ಮೊಬೈಲು ನಿನ್ನೆ ನೋಡಿದಂಥದ್ದನ್ನೇ ಇವತ್ತೂ ಮುಂದಿಡುತ್ತದೆ. ಕೆಲಸದ ತವಕದಲ್ಲಿರುವ ಯುವಕರಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಆಚೆ ನೋಡಲು ಪುರಸೊತ್ತಿರುವುದಿಲ್ಲ. ಅದು ಬದುಕಿನ ಒತ್ತಡ, ಅವರ ತಪ್ಪೆನ್ನಲಾಗದು.

ಪ್ರಶಸ್ತಿಯ ಮೊಹರು ನೋಡಿ ಆರಿಸುವ ರೂಢಿಗೂ ಮಿತಿಯಿದೆ. ಕನ್ನಡಕ್ಕೆ ಎಂಟು ಜ್ಞಾನಪೀಠ ಬಂದಿವೆ: ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ. ಎಂಟೂ ಜನರನ್ನು ಶ್ರದ್ಧೆಯಿಂದ ಓದಿದವರು ಕನ್ನಡದ ದೊಡ್ಡ ಸಂಪತ್ತನ್ನೇ ಓದಿರುತ್ತಾರೆ. ಆದರೂ ಅವರ ಓದಿಗೆ ಒಬ್ಬ ಲೇಖಕಿಯೂ ಬಂದಿರುವುದಿಲ್ಲ. ದಲಿತ ಬರಹಗಾರರಿಲ್ಲ, ಮುಸ್ಲಿಂ ಬರಹಗಾರರಿಲ್ಲ.

ಇದು ಕನ್ನಡದವರಿಗಷ್ಟೇ ಇರುವ ಸಮಸ್ಯೆಯಲ್ಲ. ಲಂಡನ್ನಿನ ಲೇಖಕಿ ಆನ್ ಮಾರ್ಗನ್ ತಮ್ಮ ಕಪಾಟಿನ ತುಂಬ ಬ್ರಿಟನ್, ಅಮೆರಿಕದವರೇ ಇರುವುದನ್ನು ಗಮನಿಸಿ, 2012ರಲ್ಲಿ ಪ್ರತಿಯೊಂದು ಸ್ವತಂತ್ರ ದೇಶದಿಂದಲೂ ಒಂದೊಂದು ಪುಸ್ತಕ ಓದಲು ಹೊರಟರು. ಇಂಗ್ಲಿಷಿನಷ್ಟು ದೊಡ್ಡ ಭಾಷೆಯಲ್ಲೂ ಕೆಲವು ದೇಶಗಳ ಕೃತಿ ಸಿಗಲಿಲ್ಲ; ಅಪರಿಚಿತ ಓದುಗರೂ ಅನುವಾದಕರೂ ಕೈಜೋಡಿಸಬೇಕಾಯಿತು.

ಕೊರತೆ ಕಣ್ಣಿಗೆ ಬೀಳಲು ಸರಳ ಉಪಾಯವೆಂದರೆ ಒಂದು ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ, ಉದ್ದಗೆರೆ ಎಳೆದು, ಈಚೆಗೆ ಓದಿದ ಇಪ್ಪತ್ತು ಪುಸ್ತಕಗಳನ್ನು ಬರೆದುಕೊಳ್ಳುವುದು. ಪುಸ್ತಕದ ಹೆಸರಿನ ಮುಂದೆ ಲೇಖಕರು, ಅವರ ಸೀಮೆ, ಹುಟ್ಟಿದ ವರ್ಷ, ಮೂಲ ಭಾಷೆ, ಪ್ರಕಾರ. ಮಲೆನಾಡಿನ ಅನೇಕ ಓದುಗರಲ್ಲಿ ಕಾದಂಬರಿಯ ಕಾಲಂ ತುಂಬಿ ತುಳುಕುತ್ತದೆ. ವಿಜ್ಞಾನ, ಪ್ರವಾಸ, ನಾಟಕದ ಕಾಲಂ ಖಾಲಿ. ಲೇಖಕರಲ್ಲಿ ಮೈಸೂರು, ಕರಾವಳಿ, ಮಲೆನಾಡಿನವರೇ ಹೆಚ್ಚು. ಶಿಕಾರಿಪುರದ ಗಡಿಗೆ ತಾಗಿಕೊಂಡೇ ಇರುವ ಹಾವೇರಿ ಜಿಲ್ಲೆಯವರೂ ಇರುವುದಿಲ್ಲ, ಕಲಬುರಗಿ, ರಾಯಚೂರಿನ ಮಾತಂತೂ ದೂರ. ವಿಷಯದ ಹರವು ನೋಡಬೇಕಾದರೆ ಗ್ರಂಥಾಲಯಗಳ ಡ್ಯೂಯಿ ವರ್ಗೀಕರಣವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. 1876ರಲ್ಲಿ ಬಂದ ಆ ಪದ್ಧತಿ ಇಡೀ ಜ್ಞಾನವನ್ನು ತತ್ತ್ವಶಾಸ್ತ್ರ, ಧರ್ಮ, ಸಮಾಜ, ಭಾಷೆ, ವಿಜ್ಞಾನ, ತಂತ್ರಜ್ಞಾನ, ಕಲೆ, ಸಾಹಿತ್ಯ, ಇತಿಹಾಸ ಎಂಬ ಒಂಬತ್ತು ವರ್ಗಗಳಿಗೂ ಸಾಮಾನ್ಯ ವಿಷಯಗಳ ಇನ್ನೊಂದಕ್ಕೂ ಹಂಚುತ್ತದೆ. ಹತ್ತರಲ್ಲಿ ಎಷ್ಟು ವರ್ಗಗಳಿಗೆ ಒಂದು ಪುಸ್ತಕವೂ ಬಿದ್ದಿಲ್ಲ ಎಂಬುದು ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ.

ಪುಸ್ತಕ ಸಿಗುವ ತಾವುಗಳು

ಖಾಲಿ ಕಾಲಂ ತುಂಬಲು ಜಿಲ್ಲೆಯಲ್ಲೇ ಒಳ್ಳೆಯ ದಾರಿತೋರುಗವಿದೆ. 1930ರಲ್ಲಿ ಶುರುವಾದ ಶಿವಮೊಗ್ಗದ ಕರ್ನಾಟಕ ಸಂಘ ವರ್ಷವರ್ಷವೂ ಕೊಡುವ ಪುಸ್ತಕ ಬಹುಮಾನಗಳು ಪ್ರಕಾರವಾರು ಹಂಚಿಕೊಂಡಿವೆ. ಕುವೆಂಪು ಹೆಸರಿನದು ಕಾದಂಬರಿಗೆ, ಎಂ. ಕೆ. ಇಂದಿರಾ ಹೆಸರಿನದು ಲೇಖಕಿಯರಿಗೆ, ಪಿ. ಲಂಕೇಶ್ ಹೆಸರಿನದು ಮುಸ್ಲಿಂ ಬರಹಗಾರರಿಗೆ; ಅನುವಾದ, ಪ್ರವಾಸ, ಅಂಕಣ, ನಾಟಕ, ಮಕ್ಕಳ ಸಾಹಿತ್ಯ, ವಿಜ್ಞಾನ, ವೈದ್ಯ ಸಾಹಿತ್ಯಕ್ಕೂ ಒಂದೊಂದು. ಹಿಂದಿನ ವರ್ಷಗಳ ವಿಜೇತರ ಹೆಸರುಗಳನ್ನು ಒಟ್ಟುಮಾಡಿಕೊಂಡರೆ ಅದೇ ಒಂದು ವೈವಿಧ್ಯದ ಓದುಪಟ್ಟಿ. ಮುಸ್ಲಿಂ ಬರಹಗಾರರಿಗೆಂದೇ ಒಂದು ಬಹುಮಾನ ಏಕೆ ಎಂದು ಕೇಳುವವರು ಬಾನು ಮುಷ್ತಾಕ್ ಅವರ ಕಥೆಗಳನ್ನು ಓದಬೇಕು. ಬಾಲ್ಯದಲ್ಲಿ ಶಿವಮೊಗ್ಗದ ಶಾಲೆಯಲ್ಲಿ ಕನ್ನಡ ಕಲಿತ ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ನ ಮೂಲಕ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಅದಕ್ಕೆ ದಶಕಗಳ ಮೊದಲೇ ಆ ಕಥೆಗಳು ಕನ್ನಡದಲ್ಲಿದ್ದವು.

ಹೊರನಾಡಿನ ಸಾಹಿತ್ಯಕ್ಕೆ ಇಂಗ್ಲಿಷ್ ಬರಲೇಬೇಕೆಂದಿಲ್ಲ. ನಿರಂಜನ ಅವರ ಪ್ರಧಾನ ಸಂಪಾದಕತ್ವದಲ್ಲಿ ನವಕರ್ನಾಟಕ ಪ್ರಕಾಶನ 1980ರ ದಶಕದ ಆರಂಭದಲ್ಲಿ ಹೊರತಂದ ‘ವಿಶ್ವಕಥಾಕೋಶ’ 25 ಸಂಪುಟಗಳಲ್ಲಿ ಖಂಡಖಂಡಗಳ ಸಣ್ಣಕಥೆಗಳನ್ನು ಕನ್ನಡಕ್ಕೆ ತಂದಿದೆ. ಕನ್ನಡದ್ದೇ ಕಥೆಗಳ ಸಂಪುಟ ‘ಧರಣಿಮಂಡಲ ಮಧ್ಯದೊಳಗೆ’ ಈ ಮಾಲೆಯ ಮೊದಲನೆಯದು. ಅಪರಿಚಿತ ದೇಶವೊಂದರ ಪರಿಚಯಕ್ಕೆ ದಪ್ಪ ಕಾದಂಬರಿಗಿಂತ ಸಣ್ಣಕಥೆ ಲೇಸು. ಹಿಡಿಸದಿದ್ದರೆ ಅರ್ಧ ಗಂಟೆಯಷ್ಟೇ ಹೋಯಿತು. ಸೊರಬದ ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಮತ್ತು ಅದರ ಒಡನಾಡಿ ಅಕ್ಷರ ಪ್ರಕಾಶನ ಲೋಕದ ನಾಟಕಗಳಿಗೆ, ವಿಚಾರ ಸಾಹಿತ್ಯಕ್ಕೆ ಕನ್ನಡ ರೂಪ ಕೊಡುತ್ತ ಬಂದಿವೆ. 1985ರಲ್ಲಿ ಹೊರಟ ‘ತಿರುಗಾಟ’ ತಂಡ ಆ ನಾಟಕಗಳನ್ನು ಊರೂರಿಗೆ ಒಯ್ದಿತು. ಪುಸ್ತಕ ಹಿಡಿಯಲು ಹಿಂಜರಿಯುವವರು ಮೊದಲು ನಾಟಕ ನೋಡಿ ಆಮೇಲೆ ಓದಿದರೆ ಶೇಕ್ಸ್‌ಪಿಯರ್ ಕೂಡ ದೂರದವನಾಗುವುದಿಲ್ಲ.

ಹಳ್ಳಿಗಳಲ್ಲಿ ಇರುವುದು ಗ್ರಾಮ ಪಂಚಾಯಿತಿ ಗ್ರಂಥಾಲಯ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದ್ದು. ಆಸ್ತಿ ತೆರಿಗೆಯ ಜೊತೆ ಕಟ್ಟುವ ಗ್ರಂಥಾಲಯ ಕರದಲ್ಲಿ ಪ್ರತಿ ಮನೆಯ ಪಾಲೂ ಇದೆ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಮರುವರ್ಷ ಬಂದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಯಿತು. ಈಗ ಇವುಗಳನ್ನು ಅರಿವು ಕೇಂದ್ರ ಎನ್ನುತ್ತಾರೆ. ಕಪಾಟು ಚಿಕ್ಕದು, ನಿಜ. ಆದರೆ ಬೇಕಾದ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರನ್ನು ಚೀಟಿಯಲ್ಲಿ ಬರೆದು ಮೇಲ್ವಿಚಾರಕರಿಗೆ ಕೊಡುವವರು ವಿರಳ. ಬೇಡಿಕೆಯೇ ಇಲ್ಲದ ಪ್ರಕಾರವನ್ನು ಕೊಳ್ಳುವುದು ಯಾರಿಗೂ ಹೊಳೆಯುವುದಿಲ್ಲ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬರ್ಥದ ಎರಡು ಸೂತ್ರಗಳನ್ನು ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಸೇರಿಸಿದರು. ಇವೆರಡೂ ನಡೆಯಬೇಕಾದರೆ ಓದುಗರು ಬಾಯಿಬಿಟ್ಟು ಕೇಳಲೇಬೇಕು.

ಒಂದು ಘಟನೆ, ಹಲವು ಲೇಖನಿ

ಬೇರೆ ಬೇರೆ ವಿಷಯಗಳನ್ನು ಬಿಡಿಬಿಡಿಯಾಗಿ ಓದುವುದಕ್ಕಿಂತ ಒಂದೇ ವಿಷಯವನ್ನು ನಾಲ್ಕು ಕಡೆಯಿಂದ ಓದುವುದು ಕೆಲವೊಮ್ಮೆ ಹೆಚ್ಚು ಕಲಿಸುತ್ತದೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯನ್ನೇ ತೆಗೆದುಕೊಳ್ಳಬಹುದು. ರೇಣುಕಾಂಬೆಯ ಜಾತ್ರೆಯಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ತಡೆಯಲು ಹೋದ ದಲಿತ, ಪ್ರಗತಿಪರ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ 1986ರ ಮಾರ್ಚ್‌ನಲ್ಲಿ ಹಲ್ಲೆಯಾಯಿತು. ಅದರ ಬೆನ್ನಿಗೇ ಸರ್ಕಾರ ಸೇವೆಯನ್ನು ನಿಷೇಧಿಸಿತು. ಅಂದಿನ ಪತ್ರಿಕಾ ವರದಿ ಓದಿದರೆ ಗಲಭೆಯ ಚಿತ್ರ ಸಿಗುತ್ತದೆ. ದಲಿತ ಚಳವಳಿಯ ಬರಹಗಳಲ್ಲಿ ಬತ್ತಲಾಗುತ್ತಿದ್ದವರು ಯಾವ ಜಾತಿಯವರು ಎಂಬ ಪ್ರಶ್ನೆ ಮುಂದೆ ಬರುತ್ತದೆ. ಸ್ತ್ರೀವಾದಿ ಅಧ್ಯಯನಗಳು ಹರಕೆ ಹೊತ್ತ ಹೆಣ್ಣಿನ ಮೈಮೇಲೆ ಅಧಿಕಾರ ಯಾರದು ಎಂದು ಕೇಳುತ್ತವೆ. ರೇಣುಕೆಯೇ ಆದ ಎಲ್ಲಮ್ಮನ ಬಗ್ಗೆ ಜೋಗತಿಯರು ಹಾಡುವ ಕಥೆಗಳಲ್ಲಿ ಗಂಡನ ಶಾಪ, ಮಗನ ಕೊಡಲಿ, ಅವಮಾನ ಎಲ್ಲವನ್ನೂ ದಾಟಿ ದೇವಿಯಾದವಳ ನೋವಿದೆ. ಹರಕೆ ಹೊತ್ತವರ ಮನಸ್ಸನ್ನು ಅದಿಲ್ಲದೆ ಅರಿಯಲಾಗದು. ನಿಷೇಧ ಸರಿಯಾದದ್ದೇ ಎಂಬ ತೀರ್ಮಾನ ಇವನ್ನೆಲ್ಲ ಓದಿದ ಮೇಲೂ ಅಲುಗುವುದಿಲ್ಲ. ಆ ತೀರ್ಮಾನದ ಹಿಂದಿನ ತಿಳಿವಳಿಕೆ ಮಾತ್ರ ಬೇರೆಯದಾಗುತ್ತದೆ.

ಶರಾವತಿಯ ಮುಳುಗಡೆಯೂ ಅಂಥದ್ದೇ ವಿಷಯ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ನಾಡಿಗೆ ಬೆಳಕು ಕೊಟ್ಟ ಕಥೆ ಸರ್ಕಾರಿ ಪ್ರಕಟಣೆಗಳಲ್ಲಿದೆ. ಊರು ಬಿಟ್ಟವರ ಕಥೆ ಸಾಗರದ ನಾ. ಡಿಸೋಜರ ‘ಮುಳುಗಡೆ’, ‘ದ್ವೀಪ’ಗಳಲ್ಲಿದೆ, ಗಜಾನನ ಶರ್ಮರ ‘ಪುನರ್ವಸು’ವಿನಲ್ಲಿದೆ. ಶಿಕಾರಿಪುರ ತಾಲ್ಲೂಕಿನ ಈಸೂರಿನ 1942ರ ಹೋರಾಟ ಮತ್ತು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿದ ಐವರ ಬಗ್ಗೆ ಗೆಜೆಟಿಯರಿನ ಒಣ ಸಾಲುಗಳನ್ನೂ ಊರವರ ನೆನಪುಗಳನ್ನೂ ಜೊತೆಗಿಟ್ಟು ಓದುವುದಕ್ಕೂ ಇದೇ ಕ್ರಮ ಸಲ್ಲುತ್ತದೆ.

ಹೊಸ ದನಿಗೆ ಕಿವಿ ಒಗ್ಗಲು ಸಮಯ ಬೇಕು. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಮಲೆನಾಡಿನ ಓದುಗರು ಮೊದಲ ಪುಟಗಳಲ್ಲಿ ಎಡವುತ್ತಾರೆ. ಗಟ್ಟಿಯಾಗಿ ಓದಿದರೆ ಕಣ್ಣಿಗೆ ತೊಡಕಾದದ್ದು ಕಿವಿಗೆ ತಿಳಿಯುತ್ತದೆ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಭಾಷೆಯಲ್ಲಿ ಸುಲಭ. ಅಲ್ಲಿ ಹೊಸದಾಗಿರುವುದು ತಲಾಕಿನ ಕಟ್ಟಳೆಗೆ ಸಿಕ್ಕ ಹೆಣ್ಣಿನ ಮನೆಯೊಳಗಿನ ಬದುಕು. ಇಂಥ ಒಂದು ಪುಸ್ತಕ ಓದಿ ‘ದಲಿತ ಸಾಹಿತ್ಯ ಆಯಿತು, ಮುಸ್ಲಿಂ ಸಾಹಿತ್ಯ ಆಯಿತು’ ಎಂದು ಗುರುತು ಹಾಕಿಕೊಳ್ಳುವುದು ಅನ್ಯಾಯ. ಸಿದ್ಧಲಿಂಗಯ್ಯನವರ ಸಿಟ್ಟು ಬೇರೆ, ದೇವನೂರರ ಮೆಲುದನಿ ಬೇರೆ, ಅರವಿಂದ ಮಾಲಗತ್ತಿಯವರ ಆತ್ಮಕಥೆ ‘ಗೌರ್ನಮೆಂಟ್ ಬ್ರಾಹ್ಮಣ’ದ ನೇರ ನಿರೂಪಣೆ ಬೇರೆ. ಮೂವರನ್ನೂ ಓದಿದಾಗ ಸಮುದಾಯ ಹಿಂದೆ ಸರಿದು ಒಬ್ಬೊಬ್ಬ ಬರಹಗಾರರೂ ಅವರವರಾಗಿಯೇ ಎದುರು ನಿಲ್ಲುತ್ತಾರೆ.

ಕಾಲದ ಹರವಿಗೆ ಈ ತಾಲ್ಲೂಕುಗಳಲ್ಲಿ ಪುಸ್ತಕದಂಗಡಿಯೂ ಬೇಡ. ತಾಳಗುಂದದ ಸ್ತಂಭದಲ್ಲಿ ಕವಿ ಕುಬ್ಜ ಸಂಸ್ಕೃತದಲ್ಲಿ ಬರೆದ ಕದಂಬರ ಕಥೆಯಿದೆ: ಓದಲೆಂದು ಕಂಚಿಯ ಘಟಿಕೆಗೆ ಹೋದ ಮಯೂರಶರ್ಮ ಅಲ್ಲಿ ಜಗಳವಾಗಿ ಕತ್ತಿ ಹಿಡಿದದ್ದು. ಬಂದಳಿಕೆಯ 10ನೇ ಶತಮಾನದ ಶಾಸನದಲ್ಲಿ ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆಯಿದ್ದಾಳೆ. ಸೊರಬದ ಹಳ್ಳಿಹಳ್ಳಿಯಲ್ಲೂ ತುರುಗೋಳಿನಲ್ಲಿ ಮಡಿದವರ ವೀರಗಲ್ಲುಗಳಿವೆ. ಶಿಕಾರಿಪುರದ ಶಾಸನಗಳು ರೈಸ್ ಅವರ ಏಳನೆಯ ಸಂಪುಟದಲ್ಲಿ, ಸೊರಬದವು 1904ರ ಎಂಟನೆಯದರಲ್ಲಿ ಊರುವಾರು ಸಿಗುತ್ತವೆ. ಎರಡರ ಹಳೆಯ ಮುದ್ರಣಗಳೂ ಅಂತರ್ಜಾಲದಲ್ಲಿ ಉಚಿತ. ತಮ್ಮೂರಿನ ಒಂದು ಶಾಸನವನ್ನು ಅರ್ಥಸಹಿತ ಓದಿ, ಕಲ್ಲಿನ ಮುಂದೆ ನಿಂತು ಸಾಲು ಹುಡುಕುವುದು ಹಳಗನ್ನಡಕ್ಕೆ ಒಳ್ಳೆಯ ಪ್ರವೇಶ.

ಕಥೆ, ಕಾವ್ಯದ ಆಚೆಗೂ ಇಷ್ಟೇ ಗಮನ ಬೇಕು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪಶ್ಚಿಮ ಘಟ್ಟದ ಗಿಡಮರಗಳನ್ನು ನಗುನಗುತ್ತ ಕಲಿಸುತ್ತದೆ. ಅಡಿಕೆ ಬೆಳೆಗಾರರಿಗೆ 1988ರಿಂದ ಪುತ್ತೂರಿನ ‘ಅಡಿಕೆ ಪತ್ರಿಕೆ’ ಇದೆ. ಅದರಲ್ಲಿ ಬರೆಯುವವರಲ್ಲಿ ಕೃಷಿಕರೇ ಹೆಚ್ಚು. ಕಾದಂಬರಿಪ್ರಿಯರಿಗೆ ಇವು ಬೇರೆ ಬಗೆಯ ಗದ್ಯ. ಕೃಷಿ ಓದುವವರು ಅಲ್ಲಿಂದ ತೇಜಸ್ವಿಯವರ ‘ಕರ್ವಾಲೊ’ಗೆ ದಾಟುವುದೂ ಕಷ್ಟವಲ್ಲ.

ರೂಢಿ ಬದಲಿಸುವಾಗ ಮೆಚ್ಚಿನ ಪುಸ್ತಕಗಳನ್ನು ಬಿಡಬೇಕಾಗಿಲ್ಲ. ಮೂರರಲ್ಲಿ ಒಂದು ಎಂದಿನದು, ಒಂದು ಖಾಲಿ ಕಾಲಮಿನದು, ಒಂದು ನೂರು ವರ್ಷಕ್ಕಿಂತ ಹಳೆಯದು ಎಂದಿಟ್ಟುಕೊಂಡರೆ ಹೊರೆಯಾಗದು. ಒಬ್ಬರೇ ಓದಿದರೆ ಜಾರುವುದು ಸುಲಭ; ನಾಲ್ಕೈದು ಜನ ತಿಂಗಳಿಗೊಮ್ಮೆ ಅರಿವು ಕೇಂದ್ರದಲ್ಲೋ ಯಾರದಾದರೂ ಜಗುಲಿಯಲ್ಲೋ ಕೂತು, ಸರದಿಯ ಮೇಲೆ ಪುಸ್ತಕ ಆರಿಸಿದರೆ ಪ್ರತಿಯೊಬ್ಬರೂ ತಾವಾಗಿ ಎತ್ತಿಕೊಳ್ಳದ ಪುಸ್ತಕವನ್ನು ಓದಲೇಬೇಕಾಗುತ್ತದೆ. ಜೈಮಿನಿ ಭಾರತ, ಕುಮಾರವ್ಯಾಸ ಭಾರತಗಳನ್ನು ಒಬ್ಬರು ಓದಿ, ಇನ್ನೊಬ್ಬರು ಅರ್ಥ ಹೇಳಿ, ಊರೇ ಕೇಳುತ್ತಿದ್ದ ಪದ್ಧತಿ ಇಲ್ಲಿಗೆ ಹೊಸದಲ್ಲ.

ಅಚ್ಚಿಗೆ ಬಾರದ ಸಾಹಿತ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದೀಪಾವಳಿಯಲ್ಲಿ ಮನೆಮನೆಗೆ ದೀಪ ಒಯ್ದು ಹಾಡುವ ಅಂಟಿಗೆ–ಪಂಟಿಗೆಯ ಪದಗಳು, ದೀವರ ಹೆಂಗಸರ ಮದುವೆ ಹಾಡುಗಳು, ಭೂಮಿ ಹುಣ್ಣಿಮೆಯ ಹಾಡುಗಳು ಸೊರಬ, ಸಾಗರ ಸೀಮೆಯ ಸಾಹಿತ್ಯವೇ. ಜನಪದ ಸಂಗ್ರಹಗಳಲ್ಲಿ ಇವುಗಳ ಒಂದು ಪಾಲು ಮಾತ್ರ ಸೇರಿದೆ. ಅಂಥ ಸಂಗ್ರಹ ಕೊಳ್ಳುವಾಗ ಹಾಡಿದವರ ಹೆಸರು, ಊರು, ಹಾಡಿಸಿಕೊಂಡ ವರ್ಷ ಕೊಟ್ಟಿದ್ದಾರೆಯೇ ಎಂದು ನೋಡಬೇಕು. ಕೊಟ್ಟಿದ್ದರೆ ನೋಟ್‌ಬುಕ್ಕಿನಲ್ಲಿ ಲೇಖಕರ ಕಾಲಮಿಗೆ ಬರೆಯಬೇಕಾದದ್ದು ಸಂಪಾದಕರ ಹೆಸರನ್ನಲ್ಲ, ಆ ಹಾಡುಗಾರ್ತಿಯ ಹೆಸರನ್ನು.